ನಂಟರ ನಂಟರು ಎಷ್ಟು?

ಯಾರಿಗೆ ಎಷ್ಟು ನಂಟು ಎಂಬ ಲೆಕ್ಕ ಸುಲಭ. ಹೆಚ್ಚು ನಂಟಿರುವವರು ಯಾರೊಡನೆ ನಂಟು ಬೆಳೆಸಿದ್ದಾರೆ ಎಂಬ ಲೆಕ್ಕ ಸ್ವಲ್ಪ ಕಷ್ಟ. ಸುದ್ದಿ, ರೋಗ, ಲಸಿಕೆ ಎಲ್ಲದರ ಹಣೆಬರಹ ಈ ಎರಡನೆಯ ಲೆಕ್ಕದಲ್ಲಿದೆ.

2006ರಲ್ಲಿ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಒಂದು ಅಪರೂಪದ ಸಮೀಕ್ಷೆ ನಡೆಯಿತು. ಬಂದವರು ಜನಗಣತಿಯವರಂತೆ ಮನೆಯಲ್ಲಿ ಎಷ್ಟು ಜನ, ಮಾಡು ಎಂಥದು ಎಂದಷ್ಟೇ ಕೇಳಿ ಹೊರಡಲಿಲ್ಲ. ಅಕ್ಕಿಯೋ ಸೀಮೆಎಣ್ಣೆಯೋ ಮುಗಿದರೆ ಯಾರ ಮನೆಯಿಂದ ಕಡ ತರುತ್ತೀರಿ, ನಿಮ್ಮ ಮನೆಗೆ ಬಂದುಹೋಗುವವರು ಯಾರು, ಸಲಹೆ ಬೇಕಾದಾಗ ಯಾರನ್ನು ಕೇಳುತ್ತೀರಿ, ಗುಡಿಗೆ ಯಾರ ಜೊತೆ ಹೋಗುತ್ತೀರಿ ಎಂದೆಲ್ಲ ವಿಚಾರಿಸಿದರು. ಉತ್ತರಗಳನ್ನು ಒಟ್ಟುಗೂಡಿಸಿದಾಗ ಪ್ರತಿ ಹಳ್ಳಿಯದೂ ಒಂದೊಂದು ನಂಟಿನ ನಕ್ಷೆ ಸಿದ್ಧವಾಯಿತು. ಯಾವ ಮನೆಗೂ ಯಾವ ಮನೆಗೂ ಬಳಕೆಯಿದೆ ಎಂಬುದು ಅದರಲ್ಲಿ ಗೆರೆಗೆರೆಯಾಗಿ ಮೂಡಿತ್ತು.

ಆಮೇಲೆ ಕಿರುಸಾಲ ನೀಡುವ ಸಂಸ್ಥೆಯೊಂದು ಇವುಗಳ ಪೈಕಿ 43 ಹಳ್ಳಿಗಳಲ್ಲಿ ಕೆಲಸ ಆರಂಭಿಸಿತು. ಪ್ರತಿ ಊರಿನಲ್ಲೂ ಅದರ ಕ್ರಮ ಒಂದೇ. ಶಾಲೆಯ ಶಿಕ್ಷಕರು, ಅಂಗಡಿಯವರು, ಸ್ವಸಹಾಯ ಸಂಘದ ಮುಂದಾಳುಗಳು ಮುಂತಾದ ಕೆಲವರಿಗೆ ಮೊದಲು ವಿಷಯ ತಿಳಿಸುವುದು. ಊರವರಿಗೆ ಹೇಳಿ ಎಂದು ಅವರನ್ನು ಕೋರುವುದು. ಹೇಳಿದ ಮಾತು ಒಂದೇ, ಹೇಳಿಸಿದ ರೀತಿಯೂ ಒಂದೇ. ಆದರೂ ಕೆಲವು ಹಳ್ಳಿಗಳಲ್ಲಿ ಬಹಳಷ್ಟು ಮನೆಗಳವರು ಸಾಲಕ್ಕೆ ಮುಂದೆ ಬಂದರು, ಕೆಲವೆಡೆ ಬಂದವರು ಕಡಿಮೆ.

ಏಕೆ ಹೀಗೆ? ಮೊದಲು ಸುದ್ದಿ ಕೇಳಿದವರಿಗೆ ಪರಿಚಯಸ್ಥರು ಹೆಚ್ಚಿದ್ದ ಊರಿನಲ್ಲಿ ಸುದ್ದಿ ಹೆಚ್ಚು ಹಬ್ಬಿರಬೇಕು ಎಂದು ಯಾರಿಗಾದರೂ ತೋರುತ್ತದೆ. ನಕ್ಷೆಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದಾಗ ಈ ಉತ್ತರ ನಿಲ್ಲಲಿಲ್ಲ. ನಿಂತ ಉತ್ತರ ಯಾವುದು ಎಂದು ತಿಳಿಯಬೇಕಾದರೆ ಜಾಲಗಳ ಗಣಿತದೊಳಕ್ಕೆ ಸ್ವಲ್ಪ ಇಣುಕಿ ನೋಡಬೇಕು. ಹೆದರಬೇಕಿಲ್ಲ, ಕೂಡುವುದು ಭಾಗಿಸುವುದು ಬಂದರೆ ಸಾಕು.

ಏಳು ಸೇತುವೆಗಳಿಂದ ಆರಂಭ

ಜಾಲಗಳ ಗಣಿತಕ್ಕೆ ನಾಂದಿ ಹಾಡಿದವನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಆಗಿನ ಪ್ರಷ್ಯಾ ದೇಶದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ (ಈಗ ಅದು ರಷ್ಯಾದ ಕಾಲಿನಿನ್‌ಗ್ರಾಡ್) ಹೊಳೆಯ ಕವಲುಗಳಿಂದಾಗಿ ನೆಲ ನಾಲ್ಕು ಭಾಗವಾಗಿತ್ತು. ಅವನ್ನು ಏಳು ಸೇತುವೆಗಳು ಜೋಡಿಸಿದ್ದವು. ಯಾವ ಸೇತುವೆಯನ್ನೂ ಎರಡು ಸಲ ದಾಟದೆ ಏಳನ್ನೂ ದಾಟಿ ಬರಲು ಸಾಧ್ಯವೆ ಎಂಬುದು ಒಗಟು. ಆಯ್ಲರ್ ನೆಲದ ಭಾಗಗಳನ್ನು ಚುಕ್ಕಿಗಳೆಂದೂ ಸೇತುವೆಗಳನ್ನು ಗೆರೆಗಳೆಂದೂ ಭಾವಿಸಿದ. ಒಂದು ಚುಕ್ಕಿಗೆ ಐದು ಗೆರೆಗಳು, ಉಳಿದ ಮೂರಕ್ಕೆ ಮೂರು ಮೂರು. ಎಲ್ಲವೂ ಬೆಸಸಂಖ್ಯೆ. ನಡುವೆ ಸಿಗುವ ಚುಕ್ಕಿಗೆ ಒಂದು ಗೆರೆಯಿಂದ ಬಂದರೆ ಇನ್ನೊಂದರಿಂದ ಹೊರಡಬೇಕು, ಅಂದರೆ ಗೆರೆಗಳು ಜೋಡಿ ಜೋಡಿಯಾಗಿರಬೇಕು. ಬೆಸಸಂಖ್ಯೆಯ ಗೆರೆಗಳಿರುವ ಚುಕ್ಕಿ ಹೊರಡುವ ಜಾಗವಾಗಿರಬೇಕು, ಇಲ್ಲವೆ ಮುಗಿಯುವ ಜಾಗವಾಗಿರಬೇಕು. ಅಂಥವು ನಾಲ್ಕಿದ್ದರೆ ನಡಿಗೆ ಅಸಾಧ್ಯವೆಂದು 1736ರಲ್ಲಿ ಅವನು ತೋರಿಸಿಕೊಟ್ಟ.

ಈ ಚುಕ್ಕಿಯನ್ನು ‘ಗಂಟು’ ಎಂದೂ ಗೆರೆಯನ್ನು ‘ಕೊಂಡಿ’ ಎಂದೂ ಕರೆಯೋಣ. ಒಂದು ಗಂಟಿಗೆ ಎಷ್ಟು ಕೊಂಡಿಗಳಿವೆ ಎಂಬ ಎಣಿಕೆಗೆ ಗಣಿತಜ್ಞರು ಇಟ್ಟಿರುವ ಹೆಸರು ‘ಡಿಗ್ರಿ’. ಕಾಲೇಜಿನ ಡಿಗ್ರಿಗೂ ಜ್ವರ ಅಳೆಯುವ ಡಿಗ್ರಿಗೂ ಇದಕ್ಕೂ ಸಂಬಂಧವಿಲ್ಲ. ಹಳ್ಳಿಯ ನಕ್ಷೆಯಲ್ಲಿ ಒಂದು ಮನೆಗೆ ಹನ್ನೆರಡು ಮನೆಗಳ ಬಳಕೆಯಿದ್ದರೆ ಆ ಮನೆಯ ಡಿಗ್ರಿ 12, ಅಷ್ಟೇ.

ಸೈಕಲ್ ಚಕ್ರದ ಕಡ್ಡಿಗಳೆಲ್ಲ ಬಂದು ಸೇರುವ ನಡುಭಾಗಕ್ಕೆ ಸೈಕಲ್ ಶಾಪಿನವರು ‘ಹಬ್’ ಎನ್ನುತ್ತಾರೆ. ಜಾಲದಲ್ಲಿ ಕೊಂಡಿಗಳು ವಿಪರೀತವಾಗಿ ಬಂದು ಸೇರಿರುವ ಗಂಟಿಗೂ ಅದೇ ಹೆಸರು ಬಂದಿದೆ. ಹಂಗೇರಿಯ ಗಣಿತಜ್ಞರಾದ ಪಾಲ್ ಏರ್ಡಿಶ್ ಮತ್ತು ಆಲ್‌ಫ್ರೆಡ್ ರೇನ್ಯಿ 1959ರಲ್ಲಿ ಜಾಲಗಳನ್ನು ಚೀಟಿ ಎತ್ತಿ ಜೋಡಿಸಿದಂತೆ ಊಹಿಸಿಕೊಂಡಿದ್ದರು. ಅಂಥ ಜಾಲದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸರಾಸರಿಯ ಆಸುಪಾಸಿನಲ್ಲೇ ಕೊಂಡಿಗಳಿರುತ್ತವೆ, ಹಬ್ಬುಗಳು ಹುಟ್ಟುವುದಿಲ್ಲ. 1999ರಲ್ಲಿ ಆಲ್ಬರ್ಟ್-ಲಾಸ್ಲೊ ಬಾರಾಬಾಶಿ ಮತ್ತು ರೇಕಾ ಆಲ್ಬರ್ಟ್ ಎಂಬ ಭೌತವಿಜ್ಞಾನಿಗಳು ನಿಜವಾದ ಹಲವು ಜಾಲಗಳು ಹಾಗಿಲ್ಲವೆಂದು ತೋರಿಸಿದರು. ಹೊಸದಾಗಿ ಬರುವ ಗಂಟು ಈಗಾಗಲೇ ಹೆಚ್ಚು ಕೊಂಡಿಗಳಿರುವ ಗಂಟಿನತ್ತ ವಾಲುತ್ತದೆ. ಇದ್ದವರಿಗೇ ಇನ್ನಷ್ಟು ಸೇರುತ್ತದೆ. ಹೀಗೆ ಸಾವಿರಾರು ಸಣ್ಣ ಗಂಟುಗಳ ನಡುವೆ ಕೆಲವೇ ಭಾರಿ ಹಬ್ಬುಗಳು ತಲೆಯೆತ್ತುತ್ತವೆ.

ಐವರು ಗೆಳೆಯರ ಲೆಕ್ಕ

ಹಬ್ಬುಗಳಿದ್ದ ಕಡೆ ಒಂದು ತಮಾಷೆಯ ಸಂಗತಿ ನಡೆಯುತ್ತದೆ. ಕಾಗದ ಪೆನ್ಸಿಲ್ ತೆಗೆದುಕೊಂಡರೆ ವಿದ್ಯಾರ್ಥಿಗಳೇ ಇದನ್ನು ಪರೀಕ್ಷಿಸಬಹುದು.

ರವಿ, ಸುಮಾ, ಗೀತಾ, ಅನ್ವರ್, ಜೋಸೆಫ್ ಎಂಬ ಐವರು ಮಕ್ಕಳಿದ್ದಾರೆ ಎನ್ನಿ. ರವಿಗೆ ಉಳಿದ ನಾಲ್ವರೂ ಗೆಳೆಯರು. ಸುಮಾ ಮತ್ತು ಗೀತಾ ತಮ್ಮತಮ್ಮಲ್ಲಿಯೂ ಗೆಳತಿಯರು. ಬೇರೆ ಗೆಳೆತನವಿಲ್ಲ. ಹಾಗಾದರೆ ರವಿಯ ಡಿಗ್ರಿ 4, ಸುಮಾ ಮತ್ತು ಗೀತಾ ಇಬ್ಬರದೂ 2, ಅನ್ವರ್ ಮತ್ತು ಜೋಸೆಫ್ ಇಬ್ಬರದೂ 1. ಒಟ್ಟು ಹತ್ತು, ತಲೆಗೆ ಸರಾಸರಿ ಇಬ್ಬರು ಗೆಳೆಯರು.

ಈಗ ಪ್ರತಿಯೊಬ್ಬರ ಗೆಳೆಯರಿಗೆ ಸರಾಸರಿ ಎಷ್ಟು ಗೆಳೆಯರೆಂದು ನೋಡೋಣ. ಅನ್ವರನ ಒಬ್ಬನೇ ಗೆಳೆಯ ರವಿ, ಅವನಿಗೆ ನಾಲ್ವರು. ಜೋಸೆಫನದೂ ಇದೇ ಕಥೆ. ಸುಮಾಳ ಗೆಳೆಯರು ರವಿ ಮತ್ತು ಗೀತಾ. ನಾಲ್ಕು ಮತ್ತು ಎರಡರ ಸರಾಸರಿ ಮೂರು. ಗೀತಾಳಿಗೂ ಮೂರು. ರವಿಯ ಗೆಳೆಯರ ಸರಾಸರಿ ಮಾತ್ರ ಒಂದೂವರೆ. ಈ ಐದು ಅಂಕಿಗಳ ಸರಾಸರಿ 3.1. ಐವರಲ್ಲಿ ನಾಲ್ವರಿಗೆ ತಮಗಿಂತ ತಮ್ಮ ಗೆಳೆಯರಿಗೇ ಹೆಚ್ಚು ಗೆಳೆಯರು!

ಕಾರಣ ಸರಳ. ಗೆಳೆಯರು ಹೆಚ್ಚಿರುವ ರವಿ ನಾಲ್ವರ ಲೆಕ್ಕದಲ್ಲೂ ಬರುತ್ತಾನೆ. ಗೆಳೆಯರು ಕಡಿಮೆಯಿರುವ ಅನ್ವರ್ ಒಬ್ಬನ ಲೆಕ್ಕದಲ್ಲಿ ಮಾತ್ರ ಬರುತ್ತಾನೆ. ಅಮೆರಿಕದ ಸಮಾಜವಿಜ್ಞಾನಿ ಸ್ಕಾಟ್ ಫೆಲ್ಡ್ 1991ರಲ್ಲಿ ಇದನ್ನು ಬಿಡಿಸಿ ಬರೆದರು. ‘ಗೆಳೆತನದ ವಿರೋಧಾಭಾಸ’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. 2011ರಲ್ಲಿ ಫೇಸ್‌ಬುಕ್‌ನ 72 ಕೋಟಿಗೂ ಮಿಕ್ಕಿದ ಬಳಕೆದಾರರ ಲೆಕ್ಕ ತೆಗೆದಾಗ ತಲೆಗೆ ಸರಾಸರಿ 190 ಗೆಳೆಯರಿದ್ದರು. ಆ ಗೆಳೆಯರಿಗೆ ಸರಾಸರಿ 635 ಗೆಳೆಯರಿದ್ದರು. ನೂರಕ್ಕೆ 93 ಮಂದಿಯ ವಿಷಯದಲ್ಲಿ, ಅವರ ಗೆಳೆಯರ ಸರಾಸರಿ ಅವರಿಗಿಂತ ಹೆಚ್ಚಾಗಿತ್ತು.

ಮೊಬೈಲನ್ನು ನೋಡುತ್ತಾ ‘ಎಲ್ಲರಿಗೂ ನನಗಿಂತ ಹೆಚ್ಚು ಸ್ನೇಹಿತರು, ನನ್ನಲ್ಲೇ ಏನೋ ಕೊರತೆ’ ಎಂದು ಮುಖ ಸಪ್ಪಗೆ ಮಾಡಿಕೊಳ್ಳುವ ಮಕ್ಕಳಿಗೆ ತಂದೆತಾಯಿಗಳು ಈ ಲೆಕ್ಕವನ್ನು ಹೇಳಿಕೊಡಬಹುದು. ಅದು ಮಗುವಿನ ಕೊರತೆಯಲ್ಲ, ಎಣಿಕೆಯ ಗುಣ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಅದೇ ದೋಣಿಯಲ್ಲಿದ್ದಾರೆ.

ದೊಡ್ಡವರ ಜೊತೆ ಯಾರು?

ಇಲ್ಲಿಯವರೆಗೆ ಕೇಳಿದ್ದು ಯಾರಿಗೆ ಎಷ್ಟು ಕೊಂಡಿ ಎಂಬ ಪ್ರಶ್ನೆ. 2002ರಲ್ಲಿ ಬ್ರಿಟಿಷ್ ಮೂಲದ ಭೌತವಿಜ್ಞಾನಿ ಮಾರ್ಕ್ ನ್ಯೂಮನ್ ಮುಂದಿನ ಪ್ರಶ್ನೆ ಕೇಳಿದರು. ಒಂದು ಕೊಂಡಿಯ ಈ ತುದಿಯಲ್ಲಿ ದೊಡ್ಡ ಗಂಟಿದ್ದರೆ ಆ ತುದಿಯಲ್ಲಿ ಇರುವುದು ಎಂಥ ಗಂಟು? ಇನ್ನೊಂದು ದೊಡ್ಡದೋ, ಇಲ್ಲ ಸಣ್ಣದೋ?

ಎತ್ತರದ ತಂದೆಯರಿಗೆ ಎತ್ತರದ ಮಕ್ಕಳು ಹುಟ್ಟುವ ಒಲವು ಎಷ್ಟೆಂದು ಸಂಖ್ಯಾಶಾಸ್ತ್ರಜ್ಞರು ಒಂದು ಅಂಕದಿಂದ ಅಳೆಯುತ್ತಾರೆ. ಅದಕ್ಕೆ ಸಹಸಂಬಂಧ ಗುಣಾಂಕ ಎಂದು ಹೆಸರು. ಪಿಯುಸಿ ಪುಸ್ತಕದಲ್ಲೂ ಅದು ಇದೆ. ನ್ಯೂಮನ್ ಅದೇ ಅಳತೆಗೋಲನ್ನು ಕೊಂಡಿಯ ಎರಡು ತುದಿಗಳ ಡಿಗ್ರಿಗಳಿಗೆ ಹಿಡಿದರು. ದೊಡ್ಡವು ದೊಡ್ಡವುಗಳನ್ನೇ, ಸಣ್ಣವು ಸಣ್ಣವುಗಳನ್ನೇ ಹಿಡಿದುಕೊಂಡಿದ್ದರೆ ಅಂಕ ಸೊನ್ನೆಯಿಂದ ಮೇಲೆ, ಹೆಚ್ಚೆಂದರೆ +1. ದೊಡ್ಡವು ಸಣ್ಣವುಗಳ ಜೊತೆಗೇ ಸೇರಿದ್ದರೆ ಸೊನ್ನೆಯಿಂದ ಕೆಳಗೆ, ತೀರ ಕೆಳಗೆಂದರೆ -1. ಯಾವ ಒಲವೂ ಇಲ್ಲದಿದ್ದರೆ ಸೊನ್ನೆ. ಇದಕ್ಕೆ ‘ಡಿಗ್ರಿ ಸಹಸಂಬಂಧ’ ಎನ್ನಬಹುದು.

ನಮ್ಮ ಐವರು ಮಕ್ಕಳ ಗುಂಪಿನಲ್ಲಿ ಸುಮಾ-ಗೀತಾ ಗೆಳೆತನವನ್ನು ಅಳಿಸಿದರೆ ಎಲ್ಲ ಕೊಂಡಿಗಳದೂ ಒಂದು ತುದಿಯಲ್ಲಿ 4, ಇನ್ನೊಂದರಲ್ಲಿ 1. ಅಂಕ ಸರಿಯಾಗಿ -1. ಆ ಗೆಳೆತನವನ್ನು ಮತ್ತೆ ಸೇರಿಸಿ ಲೆಕ್ಕ ಹಾಕಿದರೆ ಸುಮಾರು -0.81. ಹೈಸ್ಕೂಲು ದಾಟಿದ ಮಕ್ಕಳು ಮಾಡಿ ನೋಡಬಹುದು. ಪ್ರತಿ ಕೊಂಡಿಯನ್ನೂ ಎರಡೂ ದಿಕ್ಕಿನಿಂದ ಒಮ್ಮೊಮ್ಮೆ ಬರೆದುಕೊಳ್ಳಬೇಕು ಎಂಬುದನ್ನು ಮರೆಯಬಾರದು.

ನ್ಯೂಮನ್ ನಿಜವಾದ ಜಾಲಗಳನ್ನು ಅಳೆದಾಗ ಬಂದ ಅಂಕಗಳು ಕುತೂಹಲ ಹುಟ್ಟಿಸುವಂತಿದ್ದವು. ಒಟ್ಟಿಗೆ ಲೇಖನ ಬರೆದ ಸುಮಾರು 53 ಸಾವಿರ ಭೌತವಿಜ್ಞಾನಿಗಳ ಜಾಲಕ್ಕೆ +0.363. ಒಂದೇ ಚಿತ್ರದಲ್ಲಿ ನಟಿಸಿದ ಸುಮಾರು ನಾಲ್ಕೂವರೆ ಲಕ್ಷ ಸಿನಿಮಾ ನಟರ ಜಾಲಕ್ಕೆ +0.208. ಒಂದೇ ಆಡಳಿತ ಮಂಡಳಿಯಲ್ಲಿ ಕೂತ ಕಂಪನಿ ನಿರ್ದೇಶಕರ ಜಾಲಕ್ಕೆ +0.276. ಮನುಷ್ಯರ ಜಾಲಗಳೆಲ್ಲ ಸೊನ್ನೆಯ ಮೇಲೆ. ಇನ್ನು ಅಂತರಜಾಲದ ಅಂಕ -0.189. ಯೀಸ್ಟ್ ಎಂಬ ಏಕಕೋಶ ಜೀವಿಯ ಪ್ರೋಟೀನುಗಳ ಜಾಲಕ್ಕೆ -0.156. ಸೀ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನ ನರಕೋಶಗಳ ಜಾಲಕ್ಕೆ -0.163. ಸಿಹಿನೀರಿನ ಕೆರೆಯೊಂದರಲ್ಲಿ ಯಾವುದು ಯಾವುದನ್ನು ತಿನ್ನುತ್ತದೆ ಎಂಬ ಆಹಾರಜಾಲಕ್ಕೆ -0.276. ಯಂತ್ರಗಳ ಮತ್ತು ಪ್ರಕೃತಿಯ ಜಾಲಗಳೆಲ್ಲ ಸೊನ್ನೆಯ ಕೆಳಗೆ!

ಬೀಗತನ ಸರಿಸಮಾನರಲ್ಲಿ ಇರಬೇಕೆಂದು ಹಿರಿಯರು ಹೇಳುವುದುಂಟು. ಮನುಷ್ಯರ ಜಾಲದ ನಡವಳಿಕೆ ಅದರಂತೆಯೇ ಇದೆ. ಪ್ರೋಟೀನುಗಳಿಗೆ ಮಾತ್ರ ಆ ಮಾತು ರುಚಿಸಿಲ್ಲ.

ವ್ಯತ್ಯಾಸ ಬಂದದ್ದೆಲ್ಲಿಂದ?

ಮನುಷ್ಯರು ಗುಂಪುಗುಂಪಾಗಿ ಬದುಕುವುದೇ ಇದಕ್ಕೆ ಒಂದು ಮುಖ್ಯ ಕಾರಣವೆಂದು ನ್ಯೂಮನ್ ಮತ್ತು ಜುಯಾಂಗ್ ಪಾರ್ಕ್ 2003ರಲ್ಲಿ ವಾದಿಸಿದರು. ಒಂದು ಚಿತ್ರದಲ್ಲಿ 50 ನಟರಿದ್ದಾರೆ ಎನ್ನಿ. ಆ ಒಂದೇ ಚಿತ್ರದಿಂದ ಪ್ರತಿಯೊಬ್ಬರಿಗೂ 49 ಕೊಂಡಿಗಳು ಬಂದವು. ಆ ಕೊಂಡಿಗಳ ಆಚೆ ತುದಿಯಲ್ಲಿ ಇರುವವರಿಗೂ ಕನಿಷ್ಠ 49 ಇವೆ. ಹತ್ತು ನಟರ ಸಣ್ಣ ಚಿತ್ರದಲ್ಲಿ ಒಂಬತ್ತು ಕೊಂಡಿಯವರು ಒಂಬತ್ತು ಕೊಂಡಿಯವರೊಡನೆ ಇರುತ್ತಾರೆ. ದೊಡ್ಡ ಗುಂಪಿನವರು ದೊಡ್ಡ ಗುಂಪಿನವರೊಡನೆ, ಸಣ್ಣ ಗುಂಪಿನವರು ಸಣ್ಣವರೊಡನೆ. ಯಾರೂ ಅಂತಸ್ತು ನೋಡಿ ಆರಿಸದಿದ್ದರೂ ಅಂಕ ಮೇಲೇರುತ್ತದೆ.

ಅಂತರಜಾಲದಲ್ಲಿ ಹೀಗಿಲ್ಲ. ಅಲ್ಲಿ ಸಣ್ಣ ಸೇವಾಸಂಸ್ಥೆಗಳು ದೊಡ್ಡ ಸೇವಾಸಂಸ್ಥೆಯಿಂದ ಸಂಪರ್ಕ ಪಡೆಯುತ್ತವೆ. ಜೊತೆಗೆ ಒಂದು ಸರಳ ಅಂಕಗಣಿತವೂ ಇದೆ. ಸಾವಿರ ಕೊಂಡಿಗಳ ಒಂದು ಹಬ್ ಇದೆ, ಅದರಂಥವು ಜಾಲದಲ್ಲಿ ಇನ್ನು ಇಪ್ಪತ್ತು ಮಾತ್ರ ಇವೆ ಎಂದುಕೊಳ್ಳಿ. ಆ ಇಪ್ಪತ್ತಕ್ಕೂ ಒಂದೊಂದು ಕೊಂಡಿ ಹಾಕಿದ ಮೇಲೂ 980 ಉಳಿಯುತ್ತವೆ. ಒಂದೇ ಜೋಡಿಯ ನಡುವೆ ಎರಡು ಕೊಂಡಿಗಳನ್ನು ಎಣಿಸುವಂತಿಲ್ಲ. ಹಾಗಾಗಿ ಉಳಿದವೆಲ್ಲ ಸಣ್ಣವುಗಳ ಕಡೆಗೇ ಹೋಗಬೇಕು. ದೊಡ್ಡವರಿಗೆ ದೊಡ್ಡವರೇ ಸಾಲದೆ ಹೋಗುತ್ತಾರೆ!

ವಿಮಾನ ಮಾರ್ಗಗಳಲ್ಲಿ ಈ ಎರಡೂ ಮುಖ ಕಾಣುತ್ತವೆ. ಭಾರತದ ವಿಜ್ಞಾನಿ ಗಣೇಶ್ ಬಾಗ್ಲರ್ ನಮ್ಮ ದೇಶದೊಳಗಿನ ವಿಮಾನ ನಿಲ್ದಾಣಗಳ ಜಾಲವನ್ನು ಅಭ್ಯಸಿಸಿ 2008ರಲ್ಲಿ ಪ್ರಕಟಿಸಿದರು. ಇಡೀ ಜಗತ್ತಿನ ವಿಮಾನ ಜಾಲದಂತಲ್ಲದೆ ಭಾರತದ ಜಾಲದಲ್ಲಿ ದೊಡ್ಡ ನಿಲ್ದಾಣಗಳಿಗೆ ಸಣ್ಣವುಗಳ ಜೊತೆ ಸೇರುವ ಒಲವು ಕಂಡಿತು. ಸಣ್ಣ ಊರಿನಿಂದ ಹೊರಟ ವಿಮಾನ ಇನ್ನೊಂದು ಸಣ್ಣ ಊರಿಗಿಂತ ಮಹಾನಗರಕ್ಕೆ ಹಾರುವುದೇ ಹೆಚ್ಚು. ಆದರೆ ಮಾರ್ಗಗಳ ಜೊತೆಗೆ ದಟ್ಟಣೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಓಡಾಟ ದೊಡ್ಡ ನಿಲ್ದಾಣಗಳ ನಡುವೆಯೇ ಕೇಂದ್ರೀಕೃತವಾಗಿತ್ತು.

ಕೋಶದೊಳಗಿನ ದೊಡ್ಡ ಕುಳಗಳು

ಪ್ರಕೃತಿಯ ಜಾಲದ ಪೈಕಿ ಯೀಸ್ಟಿನ ಕಥೆ ಸ್ವಾರಸ್ಯವಾಗಿದೆ. ಬೇಕರಿಯಲ್ಲಿ ಹಿಟ್ಟು ಉಬ್ಬಿಸುವ ಈ ಜೀವಿಯ ಕೋಶದೊಳಗೆ ಸಾವಿರಾರು ಪ್ರೋಟೀನುಗಳು ಒಂದನ್ನೊಂದು ಅಂಟಿ, ಬಿಟ್ಟು, ತಿದ್ದಿ ಕೆಲಸ ಮಾಡುತ್ತವೆ. ಅಲ್ಲಿಯೂ ಹಬ್ಬುಗಳಿವೆ. ಬಾರಾಬಾಶಿಯವರ ತಂಡ 2001ರಲ್ಲಿ ಕಂಡಂತೆ, ಐದು ಅಥವಾ ಅದಕ್ಕಿಂತ ಕಡಿಮೆ ಕೊಂಡಿಗಳ ಪ್ರೋಟೀನುಗಳಲ್ಲಿ ನೂರಕ್ಕೆ 21ರಷ್ಟು ಮಾತ್ರ, ತೆಗೆದುಹಾಕಿದರೆ ಯೀಸ್ಟ್ ಸಾಯುವಷ್ಟು ಅಗತ್ಯವಾದವು. ಹದಿನೈದಕ್ಕಿಂತ ಹೆಚ್ಚು ಕೊಂಡಿಗಳಿರುವವುಗಳಲ್ಲಿ ನೂರಕ್ಕೆ 62ರಷ್ಟು ಅಂಥವು.

ಈ ದೊಡ್ಡ ಕುಳಗಳು ಪರಸ್ಪರ ಹೇಗಿರುತ್ತವೆ? ಸೆರ್ಗೈ ಮಾಸ್ಲೊವ್ ಮತ್ತು ಕಿಮ್ ಸ್ನೆಪೆನ್ 2002ರಲ್ಲಿ ಒಂದು ಜಾಣ ಉಪಾಯ ಮಾಡಿದರು. ಪ್ರತಿ ಪ್ರೋಟೀನಿನ ಕೊಂಡಿಗಳ ಎಣಿಕೆ ಬದಲಾಗದಂತೆ ನೋಡಿಕೊಂಡು, ಕೊಂಡಿಗಳ ತುದಿಗಳನ್ನು ಮಾತ್ರ ಕಂಪ್ಯೂಟರಿನಲ್ಲಿ ಇಸ್ಪೀಟು ಎಲೆಗಳಂತೆ ಕಲಸಿದರು. ಹೀಗೆ ಕಲಸಿದ ಜಾಲಗಳನ್ನು ನಿಜವಾದ ಜಾಲದ ಪಕ್ಕದಲ್ಲಿಟ್ಟು ಹೋಲಿಸಿದರು. ಆಕಸ್ಮಿಕವಾಗಿ ಆಗಬಹುದಾದದ್ದಕ್ಕಿಂತಲೂ ಕಡಿಮೆ ಕೊಂಡಿಗಳು ಹಬ್ಬು-ಹಬ್ಬುಗಳ ನಡುವೆ ಇದ್ದವು. ಹಬ್ಬುಗಳು ಒಂದನ್ನೊಂದು ದೂರವಿಟ್ಟು, ತಂತಮ್ಮ ಸಣ್ಣ ಪರಿವಾರವನ್ನು ಕಟ್ಟಿಕೊಂಡಿದ್ದವು. ಒಂದು ಪರಿವಾರದಲ್ಲಿ ಆದ ಏರುಪೇರು ಇನ್ನೊಂದಕ್ಕೆ ಹರಿಯದಂತೆ ಈ ಏರ್ಪಾಡು ತಡೆಯುತ್ತದೆ ಎಂಬುದು ಅವರ ವಿವರಣೆ. ಕೂಡುಕುಟುಂಬದಲ್ಲಿ ಒಲೆ ಬೇರೆ ಮಾಡಿದರೆ ಜಗಳ ಮನೆಯೆಲ್ಲ ಹಬ್ಬುವುದಿಲ್ಲ ಎಂಬ ಹಾಗೆ.

ಆದರೆ ಒಂದೇ ಅಂಕ ಎಲ್ಲವನ್ನೂ ಹೇಳುವುದಿಲ್ಲ ಎಂಬ ಎಚ್ಚರವೂ ಬೇಕು. ಮೇಲೆ ಹೇಳಿದ ಹುಳುವಿಗೆ ಇರುವುದು 302 ನರಕೋಶಗಳು. ಅದರ ಜಾಲದ ಅಂಕ ಸೊನ್ನೆಗಿಂತ ಕೆಳಗಿದ್ದರೂ, ಅತಿ ಹೆಚ್ಚು ಕೊಂಡಿಗಳ ಹನ್ನೊಂದು ನರಕೋಶಗಳು ತಮ್ಮತಮ್ಮಲ್ಲಿ ಬಿಗಿಯಾಗಿ ಹೆಣೆದುಕೊಂಡಿರುವುದು 2013ರಲ್ಲಿ ಬೆಳಕಿಗೆ ಬಂತು. ಇಂಥ ಕೂಟಕ್ಕೆ ವಿಜ್ಞಾನಿಗಳು ‘ಶ್ರೀಮಂತರ ಕ್ಲಬ್’ ಎಂದು ತಮಾಷೆಯ ಹೆಸರಿಟ್ಟಿದ್ದಾರೆ. ಮನುಷ್ಯನ ಮೆದುಳಿನಲ್ಲಿಯೂ ಅಂಥ ಹನ್ನೆರಡು ಭಾಗಗಳ ಕ್ಲಬ್ ಇರುವುದನ್ನು 2011ರಲ್ಲಿ ವರದಿ ಮಾಡಲಾಯಿತು. ಸರಾಸರಿಯ ಒಲವು ಒಂದು ಕಡೆಗಿದ್ದರೂ ತುತ್ತತುದಿಯವರ ನಡತೆ ಬೇರೆ ಇರಬಹುದು.

ಮುರಿಯಬೇಕಾದದ್ದು ಗಟ್ಟಿ, ಉಳಿಯಬೇಕಾದದ್ದು ಮೆದು

ಈ ಅಂಕ ಮೇಲಿದ್ದರೇನು, ಕೆಳಗಿದ್ದರೇನು ಎಂದು ಯಾರಾದರೂ ಕೇಳಬಹುದು. ಜಾಲ ಉಳಿಯುತ್ತದೆಯೋ ಚೂರಾಗುತ್ತದೆಯೋ ಎಂಬುದು ಇದರ ಮೇಲೂ ನಿಂತಿದೆ.

ಹಬ್ಬುಗಳು ಬೇರೆ ಬೇರೆಯಾಗಿ, ಸಣ್ಣವುಗಳನ್ನು ಸುತ್ತ ಕಟ್ಟಿಕೊಂಡು ಇರುವ ಜಾಲದಲ್ಲಿ ಒಂದು ಹಬ್ ಬಿದ್ದರೆ ಅದರ ಪರಿವಾರವೆಲ್ಲ ಅನಾಥ. ಆಯ್ದು ಆಯ್ದು ಕೆಲವು ಹಬ್ಬುಗಳನ್ನು ಹೊಡೆದರೆ ಜಾಲ ಬೇಗ ಚೂರಾಗುತ್ತದೆ. ಹಬ್ಬುಗಳೆಲ್ಲ ನಡುವೆ ಒತ್ತಾಗಿ ಒಂದರ ಕೈ ಒಂದು ಹಿಡಿದು ನಿಂತ ಜಾಲದಲ್ಲಾದರೋ ಒಂದು ಹೋದರೆ ಇನ್ನೊಂದು ಆ ಕೆಲಸ ಮಾಡುತ್ತದೆ. ಅದನ್ನು ಒಡೆಯಲು ಹಲವು ಪಟ್ಟು ಹಬ್ಬುಗಳನ್ನು ತೆಗೆಯಬೇಕು. ನ್ಯೂಮನ್ ಇದನ್ನು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ತೋರಿಸಿದರು.

ಇಲ್ಲಿರುವ ವಿಪರ್ಯಾಸವನ್ನು ಗಮನಿಸಬೇಕು. ಅಂತರಜಾಲವನ್ನು ನಾವು ಕಾಪಾಡಿಕೊಳ್ಳಬೇಕು. ಅದು ಆಯ್ದ ಏಟಿಗೆ ಸುಲಭವಾಗಿ ಒಡೆಯುವ ಬಗೆಯದು. ಮನುಷ್ಯರ ಸಂಪರ್ಕದ ಜಾಲವನ್ನು ರೋಗ ಬಂದಾಗ ಕಡಿಯಬೇಕು. ಅದು ಸುಲಭವಾಗಿ ಒಡೆಯದ ಬಗೆಯದು. ಹೆಚ್ಚು ಓಡಾಟದವರು ಹೆಚ್ಚು ಓಡಾಟದವರನ್ನೇ ಸೇರುವುದರಿಂದ ರೋಗ ಆ ನಡುಗುಂಪಿನಲ್ಲಿ ಬೇಗ ನೆಲೆಯೂರುತ್ತದೆ. ಒಂದೇ ಸಮಾಧಾನವೆಂದರೆ, ಅಂಥ ಜಾಲದಲ್ಲಿ ರೋಗ ಅಂಚಿನಲ್ಲಿರುವವರನ್ನು ಮುಟ್ಟುವುದು ಸ್ವಲ್ಪ ಕಡಿಮೆ.

ಗೆಳೆಯನಿಗೆ ಮೊದಲು ಲಸಿಕೆ

ಲಸಿಕೆ ಕಡಿಮೆಯಿದ್ದಾಗ ಯಾರಿಗೆ ಮೊದಲು ಹಾಕಬೇಕು? ಹಬ್ಬುಗಳಿಗೆ ಎನ್ನುವುದು ಸುಲಭ. ಆದರೆ ಊರಿನಲ್ಲಿ ಹಬ್ ಯಾರೆಂದು ಹುಡುಕುವುದು ಹೇಗೆ? ಇಡೀ ಊರಿನ ನಂಟಿನ ನಕ್ಷೆ ಬರೆಯುತ್ತ ಕೂರಲು ಸಮಯವಿಲ್ಲ. ರುವೆನ್ ಕೊಹೆನ್, ಶ್ಲೊಮೊ ಹ್ಯಾವ್ಲಿನ್ ಮತ್ತು ಡೇನಿಯಲ್ ಬೆನ್-ಅವ್ರಹಾಮ್ 2003ರಲ್ಲಿ ಸರಳವಾದ ದಾರಿಯೊಂದನ್ನು ಸೂಚಿಸಿದರು. ಯಾರಾದರೂ ಒಬ್ಬರನ್ನು ಚೀಟಿ ಎತ್ತಿ ಆರಿಸಿ. ಲಸಿಕೆಯನ್ನು ಅವರಿಗೆ ಹಾಕದೆ, ಅವರು ಹೆಸರಿಸಿದ ಒಬ್ಬ ಪರಿಚಯಸ್ಥರಿಗೆ ಹಾಕಿ!

ಐವರು ಮಕ್ಕಳ ಲೆಕ್ಕಕ್ಕೆ ಮರಳಿದರೆ ಇದರ ಗುಟ್ಟು ತಿಳಿಯುತ್ತದೆ. ನೇರವಾಗಿ ಚೀಟಿ ಎತ್ತಿದರೆ ರವಿಯ ಹೆಸರು ಬರುವ ಸಾಧ್ಯತೆ ಐದರಲ್ಲಿ ಒಂದು, ಅಂದರೆ ನೂರಕ್ಕೆ 20. ಚೀಟಿಯಲ್ಲಿ ಬಂದವರನ್ನು ಒಬ್ಬ ಗೆಳೆಯನ ಹೆಸರು ಹೇಳೆಂದರೆ ಅನ್ವರ್ ಮತ್ತು ಜೋಸೆಫ್ ರವಿಯನ್ನೇ ಹೇಳಬೇಕು. ಸುಮಾ ಮತ್ತು ಗೀತಾ ಎರಡರಲ್ಲಿ ಒಂದು ಸಲ ಹೇಳುತ್ತಾರೆ. ಒಟ್ಟು ಸಾಧ್ಯತೆ ನೂರಕ್ಕೆ 60. ಯಾವ ನಕ್ಷೆಯೂ ಇಲ್ಲದೆ ಹಬ್ ಸಿಕ್ಕಿತು. ಅನ್ವರನನ್ನು ಬೇಸರಗೊಳಿಸಿದ್ದ ಅದೇ ವಿರೋಧಾಭಾಸ ಇಲ್ಲಿ ಉಪಕಾರಕ್ಕೆ ಬಂತು.

ನಿಕೊಲಾಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ 2009ರಲ್ಲಿ ಹೊಸ ಫ್ಲೂ ಜ್ವರ ಹಬ್ಬಿದಾಗ ಅಮೆರಿಕದ ಹಾರ್ವರ್ಡ್‌ನ 744 ವಿದ್ಯಾರ್ಥಿಗಳ ಮೇಲೆ ಕಣ್ಣಿಟ್ಟಿದ್ದರು. ಅವರಲ್ಲಿ 319 ಮಂದಿ ಚೀಟಿ ಎತ್ತಿದಂತೆ ಆರಿಸಿದವರು. ಉಳಿದವರು ಗೆಳೆಯರೆಂದು ಹೆಸರಿಸಲ್ಪಟ್ಟವರು. ಗೆಳೆಯರ ಗುಂಪಿನಲ್ಲಿ ಜ್ವರ ಸುಮಾರು ಎರಡು ವಾರ ಮುಂಚೆಯೇ ಏರತೊಡಗಿತ್ತು. ಅಂಥ ಗುಂಪಿನ ಮೇಲೆ ನಿಗಾ ಇಟ್ಟರೆ ಆಸ್ಪತ್ರೆಗಳಿಗೆ ಸಿದ್ಧತೆಗೆ ಎರಡು ವಾರ ಸಿಗಬಹುದು ಎಂದಾಯಿತು.

ಮತ್ತೆ ಹಳ್ಳಿಯ ದಾರಿ

ಈಗ ದಕ್ಷಿಣ ಕರ್ನಾಟಕದ 43 ಹಳ್ಳಿಗಳಿಗೆ ಮರಳಬಹುದು. ಆ ನಕ್ಷೆಗಳನ್ನು ಅಭ್ಯಸಿಸಿದವರು ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡಫ್ಲೊ ಮತ್ತು ಮ್ಯಾಥ್ಯೂ ಜಾಕ್ಸನ್ ಎಂಬ ಅರ್ಥಶಾಸ್ತ್ರಜ್ಞರು. ಇವರ ಪೈಕಿ ಬ್ಯಾನರ್ಜಿ ಮತ್ತು ಡಫ್ಲೊ ಬಡತನ ನಿವಾರಣೆಯ ಪ್ರಯೋಗಗಳಿಗಾಗಿ 2019ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಉತ್ತರ ಹೀಗಿತ್ತು. ಮೊದಲು ಸುದ್ದಿ ಕೇಳಿದವರಿಗೆ ಎಷ್ಟು ಪರಿಚಯಸ್ಥರಿದ್ದರು ಎಂಬುದಕ್ಕೂ ಸಾಲಕ್ಕೆ ಮುಂದೆ ಬಂದವರ ಪ್ರಮಾಣಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಆ ಪರಿಚಯಸ್ಥರಿಗೆ ಎಷ್ಟು ನಂಟು, ಅವರ ನಂಟರಿಗೆ ಎಷ್ಟು ನಂಟು ಎಂದು ಮುಂದಮುಂದಕ್ಕೆ ತೂಗಿ ನೋಡಿದಾಗ ಸಂಬಂಧ ಸ್ಪಷ್ಟವಾಯಿತು. ನಾಲ್ಕೇ ಮನೆಗಳ ಬಳಕೆಯಿದ್ದರೂ ಆ ನಾಲ್ಕು ಊರಿನ ಎಲ್ಲ ಮೂಲೆಗಳಿಗೂ ದಾರಿಯಾಗಿದ್ದರೆ ಮಾತು ಊರೆಲ್ಲ ಸುತ್ತುತ್ತದೆ. ನಲವತ್ತು ಮನೆಗಳ ಬಳಕೆಯಿದ್ದೂ ಆ ನಲವತ್ತೂ ಮೂಲೆಯಲ್ಲೇ ಕೊನೆಗೊಂಡರೆ ಮಾತು ಅಲ್ಲೇ ನಿಲ್ಲುತ್ತದೆ.

ಹಾಗಾದರೆ ನಕ್ಷೆ ಇಲ್ಲದ ಊರಿನಲ್ಲಿ ಅಂಥವರನ್ನು ಗುರುತಿಸುವುದು ಹೇಗೆ? ಊರವರನ್ನೇ ಕೇಳಿದರಾಯಿತು! ಅದೇ ತಂಡ ಮುಂದೆ ಕರ್ನಾಟಕದ 213 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿತು. ಒಂದು ದೂರವಾಣಿ ಸಂಖ್ಯೆಗೆ ಕರೆ ಮಾಡಿದವರಿಗೆ ಮೊಬೈಲ್ ಅಥವಾ ನಗದು ಬಹುಮಾನ ಗೆಲ್ಲುವ ಅವಕಾಶ. ಇನ್ನೊಬ್ಬರಿಗೆ ಹೇಳಿದರೆ ಹೇಳಿದವರ ಅವಕಾಶ ಕಡಿಮೆಯಾಗುತ್ತಿರಲಿಲ್ಲ. ಈ ಸುದ್ದಿಯನ್ನು ಕೆಲವು ಊರುಗಳಲ್ಲಿ ಚೀಟಿ ಎತ್ತಿ ಆರಿಸಿದವರಿಗೆ, ಕೆಲವೆಡೆ ಊರ ಹಿರಿಯರಿಗೆ, ಇನ್ನು ಕೆಲವೆಡೆ ‘ಇವರಿಗೆ ಹೇಳಿದರೆ ಊರೆಲ್ಲ ಗೊತ್ತಾಗುತ್ತದೆ’ ಎಂದು ಊರವರೇ ಹೆಸರಿಸಿದವರಿಗೆ ತಿಳಿಸಲಾಯಿತು. ಚೀಟಿಯವರ ಊರುಗಳಿಂದ ಸರಾಸರಿ ಎಂಟು ಕರೆಗಳು ಬಂದರೆ, ಹಿರಿಯರ ಊರುಗಳಿಂದ ಸುಮಾರು ಏಳು. ಊರವರು ಹೆಸರಿಸಿದವರ ಊರುಗಳಿಂದ ಸುಮಾರು ಹನ್ನೆರಡು.

ಬಹುಮಾನದ ಸುದ್ದಿ ಏನೋ ಆಟದ ಮಾತು. ಹರಿಯಾಣದ 521 ಹಳ್ಳಿಗಳಲ್ಲಿ ಇದೇ ಉಪಾಯವನ್ನು ಮಕ್ಕಳ ಲಸಿಕೆಗೆ ಬಳಸಲಾಯಿತು. ತಿಂಗಳಿಗೊಮ್ಮೆ ನಡೆಯುವ ಲಸಿಕಾ ಶಿಬಿರದ ವಿಷಯವನ್ನು ಊರವರು ಹೆಸರಿಸಿದವರಿಗೆ ತಿಳಿಸಿದ ಹಳ್ಳಿಗಳಲ್ಲಿ, ಚೀಟಿ ಎತ್ತಿ ಆರಿಸಿದವರಿಗೆ ತಿಳಿಸಿದ ಹಳ್ಳಿಗಳಿಗಿಂತ ಪ್ರತಿ ತಿಂಗಳೂ ಲಸಿಕೆ ಪಡೆದ ಮಕ್ಕಳ ಸಂಖ್ಯೆ ಶೇಕಡ 22ರಷ್ಟು ಹೆಚ್ಚಾಗಿತ್ತು. ಹೊಸ ಔಷಧವಿಲ್ಲ, ಹೊಸ ಆಸ್ಪತ್ರೆಯಿಲ್ಲ. ಮಾತು ಹೇಳುವವರನ್ನು ಬದಲಿಸಿದ್ದಷ್ಟೇ. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ವಿವರಣೆಯಂತೆ, ಊರವರಿಗೆ ಜಾಲದ ಗಣಿತ ತಿಳಿಯದಿದ್ದರೂ ಯಾರ ಬಾಯಿಂದ ಬಂದ ಮಾತು ತಮ್ಮ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ ಎಂಬುದು ನೆನಪಿರುತ್ತದೆ. ಅಷ್ಟು ಸಾಕು.

ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು. ಆದರೆ ತರಗತಿಯಲ್ಲಿ ಯಾರಿಗೆ ಯಾರು ಗೆಳೆಯರೆಂದು ಬಹಿರಂಗವಾಗಿ ಎಣಿಸುವುದು ಬೇಡ, ಯಾವುದೋ ಮಗುವಿನ ಮನಸ್ಸು ನೊಂದೀತು. ಬದಲಿಗೆ ತಾಲ್ಲೂಕಿನ ಬಸ್ ಮಾರ್ಗಗಳನ್ನು ತೆಗೆದುಕೊಳ್ಳಿ. ಪ್ರತಿ ಊರೂ ಒಂದು ಗಂಟು, ನೇರ ಬಸ್ ಇದ್ದರೆ ಒಂದು ಕೊಂಡಿ. ಪ್ರತಿ ಊರಿನ ಡಿಗ್ರಿ ಬರೆದು, ಆಮೇಲೆ ಪ್ರತಿ ಊರಿನ ನೆರೆಯ ಊರುಗಳ ಸರಾಸರಿ ಡಿಗ್ರಿ ಬರೆಯಿರಿ. ಡಿಗ್ರಿ ಏರಿದಂತೆ ಆ ಸರಾಸರಿ ಏರುತ್ತದೆಯೋ ಇಳಿಯುತ್ತದೆಯೋ ನೋಡಿ. ತಾಲ್ಲೂಕು ಕೇಂದ್ರದಲ್ಲಿ ಒಂದು ದಿನ ಬಸ್ ನಿಂತರೆ ಎಷ್ಟು ಊರುಗಳು ಒಂದಕ್ಕೊಂದು ಕಡಿದುಹೋಗುತ್ತವೆ ಎಂಬುದು ಆ ಕಾಗದದ ಮೇಲೆಯೇ ಕಾಣುತ್ತದೆ.